ಹಳೇ ಮನೆ ಕೊಂಡು, ರಿಪೇರಿ ಮಾಡಿ ಮಾರೋದನ್ನು ಕಲಿಸುವ ಕೋರ್ಸಿಗೆ ಒಂದೂವರೆ ಲಕ್ಷ ಕೊಡಬಹುದೇ?

ಪ್ರಶ್ನೆ: ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್, ವಯಸ್ಸು 36. ಬೈಲಹೊಂಗಲ ಕಡೆಯ ಹೊಲ ಮಾರಿ ನನ್ನ ಪಾಲಿಗೆ ಬಂದ 30 ಲಕ್ಷ ಬ್ಯಾಂಕಿನಲ್ಲಿದೆ. ಹಳೇ ಮನೆ ಖರೀದಿಸಿ, ರಿಪೇರಿ ಮಾಡಿಸಿ, ಲಾಭಕ್ಕೆ ಮಾರುವ ‘ಹೌಸ್ ಫ್ಲಿಪ್ಪಿಂಗ್’ ಕಲಿಸ್ತೀವಿ ಅಂತ ಒಂದು ಸಂಸ್ಥೆಯವರು ಹೋಟೆಲ್‌ನಲ್ಲಿ ಉಚಿತ ಸೆಮಿನಾರ್ ಮಾಡಿದರು. ಆರು ತಿಂಗಳ ಮೆಂಟರ್‌ಶಿಪ್‌ಗೆ 1.25 ಲಕ್ಷ, ಮೇಲೆ ಜಿಎಸ್‌ಟಿ. ‘ಮೊದಲ ಮನೆಯಲ್ಲೇ 10 ಲಕ್ಷ ಉಳಿಯುತ್ತದೆ, ಫೀ ಲೆಕ್ಕಕ್ಕೇ ಬರೋದಿಲ್ಲ’ ಅಂತಾರೆ. ಭಾನುವಾರದೊಳಗೆ ಕಟ್ಟಿದರೆ ರಿಯಾಯಿತಿ, ಬೇಕಿದ್ದರೆ ಇಎಂಐ. ಸೇರಲೇ?

ಉತ್ತರ: ಈ ಭಾನುವಾರದೊಳಗಂತೂ ಬೇಡ. ಸಂಸ್ಥೆ ಸಾಚಾನೋ ಅಲ್ಲವೋ ಅನ್ನುವುದು ಆಮೇಲಿನ ಮಾತು. ಅದಕ್ಕೂ ಮೊದಲು ನೀವು ಒಂದು ನಿಜವಾದ ಮನೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿಲ್ಲ. ಆ ಲೆಕ್ಕ ಮುಂದಿಟ್ಟುಕೊಂಡರೆ ಈ ವ್ಯವಹಾರದಲ್ಲಿ ದುಡ್ಡು ಎಲ್ಲಿ ಹುಟ್ಟುತ್ತದೆ ಅನ್ನುವುದು ಗೊತ್ತಾಗುತ್ತದೆ. ಕೋರ್ಸ್ ಅದನ್ನೇ ಕಲಿಸುತ್ತದೋ, ಬೇರೆ ಏನನ್ನೋ ಕಲಿಸುತ್ತದೋ ಅನ್ನುವುದೂ ಆಗಲೇ ಗೊತ್ತಾಗುವುದು.

ಲೆಕ್ಕ ಹಾಕೋಣ. ಟಿಳಕವಾಡಿಯಲ್ಲೋ ಶಹಾಪುರದಲ್ಲೋ ಒಂದು ಹಳೇ ಮನೆ 42 ಲಕ್ಷಕ್ಕೆ ಸಿಕ್ಕಿತು ಎನ್ನಿ. ರಿಪೇರಿಗೆ 7 ಲಕ್ಷ. ಹತ್ತು ತಿಂಗಳಿಗೆ 60 ಲಕ್ಷಕ್ಕೆ ಮಾರಿದಿರಿ. ಸೆಮಿನಾರಿನ ಬೋರ್ಡಿನ ಮೇಲೆ ಇದು 11 ಲಕ್ಷ ಲಾಭ. ಈಗ ಬೋರ್ಡಿನ ಮೇಲೆ ಬರೆಯದ ಸಾಲುಗಳನ್ನು ಸೇರಿಸಿ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಯಿತು. ಒಟ್ಟು ಶೇ 7.6, ಅಂದರೆ 3.19 ಲಕ್ಷ. ಕಡಿಮೆ ಬೆಲೆಯ ಹೊಸ ಫ್ಲ್ಯಾಟ್‌ಗಳಿಗೆ ಇರುವ ಮುದ್ರಾಂಕ ರಿಯಾಯಿತಿ ಹಳೇ ಮನೆಗೆ ಸಿಗುವುದಿಲ್ಲ. ಕೊಳ್ಳುವಾಗ ದಲಾಲಿ ಶೇ 1 ಎಂದರೆ 42 ಸಾವಿರ, ಮಾರುವಾಗ 60 ಸಾವಿರ. ವಕೀಲರು, ಎಂಜಿನಿಯರ್ ಸೇರಿ 25 ಸಾವಿರ. ಆಸ್ತಿ ತೆರಿಗೆ, ಹೆಸ್ಕಾಂ ಬಿಲ್ಲು, ನೀರು, ಕಾವಲು ಸೇರಿ 15 ಸಾವಿರ. ನಿಮ್ಮ 30 ಲಕ್ಷ ಸಾಲದು, 25 ಲಕ್ಷ ಸಾಲ ತೆಗೆಯಬೇಕು. ಶೇ 12ರಂತೆ ಹತ್ತು ತಿಂಗಳಿಗೆ ಎರಡೂವರೆ ಲಕ್ಷ ಬಡ್ಡಿ. ಎಲ್ಲ ಕೂಡಿಸಿದರೆ ಖರ್ಚು 56.11 ಲಕ್ಷ, ಉಳಿಯುವುದು 3.89 ಲಕ್ಷ. ಅದೂ ತೆರಿಗೆಗೆ ಮುಂಚೆ.

ಆ 60 ಲಕ್ಷ 57ಕ್ಕೆ ಇಳಿಯಿತು ಎನ್ನಿ, ಬರೀ ಶೇ 5ರ ಚೌಕಾಶಿ. ಉಳಿಯುವುದು 92 ಸಾವಿರ. ಮಾರಾಟ ಮೂರು ತಿಂಗಳು ತಡವಾದರೆ ಬಡ್ಡಿಗೇ ಇನ್ನೂ 75 ಸಾವಿರ ಹೋಗಿ ಕೈಯಲ್ಲಿ 17 ಸಾವಿರ. ರಿಪೇರಿ ಅಂದಾಜಿಗಿಂತ ಶೇ 15 ಏರಿದರೆ, ಹಳೇ ಮನೆಯಲ್ಲಿ ಏರದಿರುವುದೇ ಅಪರೂಪ, ನೀವು ಕೈಯಿಂದ 88 ಸಾವಿರ ಹಾಕಿ ಹೊರಬರುತ್ತೀರಿ. ಕೋರ್ಸಿನ ಫೀ ಜಿಎಸ್‌ಟಿ ಸೇರಿ 1,47,500. ಅದು ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ. ಕಟ್ಟಿದರೆ ಅದೂ ಇದೇ 30 ಲಕ್ಷದಿಂದ ಹೋಗುತ್ತದೆ, ಸಾಲ ಅಷ್ಟು ಹೆಚ್ಚಾಗುತ್ತದೆ.

ತೆರಿಗೆಯದೂ ಒಂದು ಮಾತು. 24 ತಿಂಗಳು ಮೀರಿ ಇಟ್ಟುಕೊಂಡ ಮನೆಗೆ ಮಾತ್ರ ಶೇ 12.5ರ ದೀರ್ಘಾವಧಿ ದರ. ಹತ್ತು ತಿಂಗಳಲ್ಲಿ ಮಾರಿದರೆ ಲಾಭ ನಿಮ್ಮ ಸಂಬಳದ ಜತೆ ಸೇರಿ ಸ್ಲ್ಯಾಬ್ ದರ ಬೀಳುತ್ತದೆ. ಮಾರಲೆಂದೇ ಕೊಂಡದ್ದಾದರೆ ಇಲಾಖೆ ಅದನ್ನು ವ್ಯಾಪಾರದ ಆದಾಯ ಎನ್ನಬಹುದು. ಗೌಂಡಿಗೆ, ಫರ್ಶಿಯವನಿಗೆ ಬಿಲ್ಲಿಲ್ಲದೆ ಕೊಟ್ಟ ಹಣವನ್ನು ಖರ್ಚು ಎಂದು ತೋರಿಸುವುದು ಕಷ್ಟ. ಆದ್ದರಿಂದ ಕಾಗದದ ಮೇಲಿನ ಲಾಭ ಜೇಬಿನ ಲಾಭಕ್ಕಿಂತ ದೊಡ್ಡದಾಗಿ ಕಾಣುತ್ತದೆ, ತೆರಿಗೆ ದೊಡ್ಡದಕ್ಕೇ. ಮಾರುವಾಗ ನಗದಾಗಿ 20 ಸಾವಿರ ಅಥವಾ ಹೆಚ್ಚು ತೆಗೆದುಕೊಂಡರೆ, ಅದು ಸಂಚಕಾರವೇ (ಮುಂಗಡ) ಆದರೂ, ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿದೇ ಹಣ ಕೊಡುತ್ತಾರೆ, ಆಗ ಗಾಬರಿಯಾಗಬೇಡಿ.

ಹಾಗಿದ್ದರೆ ಅವರು ಹೇಳುವ 10 ಲಕ್ಷ ಎಲ್ಲಿಂದ ಬಂತು? ಅಮೆರಿಕದಲ್ಲಿ ಈ ದಂಧೆಯವರು ಹೇಳುವ ‘70ರ ನಿಯಮ’ ಎಂದೊಂದಿದೆ: ರಿಪೇರಿಯಾದ ಮೇಲೆ ಬರುವ ಬೆಲೆಯ ಶೇ 70 ತೆಗೆದುಕೊಂಡು ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ, ಅದಕ್ಕಿಂತ ಹೆಚ್ಚು ಕೊಟ್ಟು ಮನೆ ಕೊಳ್ಳಬೇಡಿ. ನಮ್ಮ ಮನೆಗೆ ಹಚ್ಚಿದರೆ 60ರ ಶೇ 70 ಎಂದರೆ 42, ಅದರಲ್ಲಿ 7 ಕಳೆದರೆ 35 ಲಕ್ಷ. 35ಕ್ಕೆ ಕೊಂಡರೆ ಮೇಲಿನದೇ ಲೆಕ್ಕದಲ್ಲಿ ಹನ್ನೊಂದೂವರೆ ಲಕ್ಷ ಉಳಿಯುತ್ತದೆ. ಅವರ ಅಂಕಿ ಸುಳ್ಳಲ್ಲ. ಆದರೆ ಅದು ಪೇಂಟು, ಟೈಲ್ಸ್, ಮಾಡ್ಯುಲರ್ ಕಿಚನ್‌ನಿಂದ ಹುಟ್ಟಿದ ಲಾಭವಲ್ಲ. 42ರ ಮನೆಯನ್ನು 35ಕ್ಕೆ ಕೊಂಡಿದ್ದರಿಂದ ಹುಟ್ಟಿದ್ದು.

ಎರಡು ತೊಡಕುಗಳಿವೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಪಕ್ಕದ ಮನೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದು ದಾಖಲೆಯಲ್ಲೇ ಸಿಗುತ್ತದೆ. ಇಲ್ಲಿ ಖರೀದಿ ಪತ್ರದಲ್ಲಿ ಬರೆದ ಮೊತ್ತ ಒಂದು, ಕೈ ಬದಲಾದ ಮೊತ್ತ ಇನ್ನೊಂದು ಆಗಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ‘ರಿಪೇರಿಯಾದ ಮೇಲಿನ ಬೆಲೆ’ ಎಂಬ ಅಂಕಿಯನ್ನು ಇಲ್ಲಿ ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಆ ಗಲ್ಲಿಯ ದಲಾಲರು, ಬ್ಯಾಂಕಿನ ಪ್ಯಾನೆಲ್ ವ್ಯಾಲ್ಯುಯರ್‌ಗಳು (ಬ್ಯಾಂಕಿಗಾಗಿ ಆಸ್ತಿಗೆ ಬೆಲೆ ಕಟ್ಟುವವರು) ಹೇಳಬೇಕು. ಎರಡನೆಯದು, ಅಗ್ಗಕ್ಕೆ ಕೊಂಡರೂ ಮುದ್ರಾಂಕ ಶುಲ್ಕ ಕಟ್ಟುವುದು ಖರೀದಿ ಬೆಲೆ ಮತ್ತು ಮಾರ್ಗಸೂಚಿ ದರ (ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆ) ಇವೆರಡರಲ್ಲಿ ಹೆಚ್ಚಿನದಕ್ಕೆ. ಮಾರ್ಗಸೂಚಿ ದರಕ್ಕಿಂತ ಶೇ 10ಕ್ಕೂ ಮೀರಿ ಕಡಿಮೆಗೆ ಕೊಂಡರೆ ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದೇ ಹಿಡಿದು ತೆರಿಗೆ ಹಾಕಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಅಗ್ಗದ ಮನೆ ನೋಡಿದ ದಿನವೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಜಾಗದ ಮಾರ್ಗಸೂಚಿ ದರ ತೆಗೆದು ನೋಡಿ.

ಮತ್ತೆ, 42ರ ಮನೆಯನ್ನು ಯಾರಾದರೂ 35ಕ್ಕೆ ಯಾಕೆ ಕೊಡುತ್ತಾರೆ? ಕಾರಣ ಇದ್ದೇ ಇರುತ್ತದೆ. ಈ ವ್ಯವಹಾರದ ಜೀವಾಳ ಆ ಕಾರಣವನ್ನು ಪತ್ತೆ ಮಾಡಿ, ಬಿಡಿಸಲು ಆಗುವಂಥದ್ದೋ ಅಲ್ಲವೋ ಎಂದು ತಿಳಿಯುವುದರಲ್ಲಿದೆ. ನಮ್ಮ ಭಾಗದಲ್ಲಿ ಪದೇಪದೇ ಎದುರಾಗುವ ಕಾರಣಗಳು ಕೆಲವೇ.

ಎಲ್ಲಕ್ಕಿಂತ ಹೆಚ್ಚಾಗಿ ವಾರಸಾ, ಅಂದರೆ ಉತ್ತರಾಧಿಕಾರದ ತಕರಾರು. ಶಹಾಪುರ, ವಡಗಾವಿ, ಖಾಸಬಾಗದ ಹಳೇ ಮನೆಗಳು ಅಜ್ಜನ ಹೆಸರಲ್ಲೋ, ತೀರಿಕೊಂಡ ತಂದೆಯ ಹೆಸರಲ್ಲೋ ಇರುತ್ತವೆ. ಮನೆಯಲ್ಲಿರುವ ಇಬ್ಬರು ಅಣ್ಣತಮ್ಮಂದಿರು ಸಹಿಗೆ ತಯಾರು. ಮದುವೆಯಾಗಿ ಕೊಲ್ಹಾಪುರಕ್ಕೋ ಸಾಂಗಲಿಗೋ ಹೋದ ಅಕ್ಕತಂಗಿಯರ ಹೆಸರೇ ಮಾತಿನಲ್ಲಿ ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು. ತಂದೆ 2005ಕ್ಕೆ ಮುಂಚೆ ತೀರಿಹೋಗಿದ್ದರೂ ಆ ಹಕ್ಕು ಇದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನೀವು ರಿಪೇರಿ ಮುಗಿಸಿ ಮಾರಲು ಹೊರಟಾಗ ಒಬ್ಬ ಅಕ್ಕ ಪಾಲು ಕೇಳಿ ದಾವೆ ಹಾಕಿ ತಡೆಯಾಜ್ಞೆ ತಂದರೆ ಬಡ್ಡಿ ಮಾತ್ರ ಓಡುತ್ತಿರುತ್ತದೆ. ಮದ್ದು ಸರಳ, ಆದರೆ ಓಡಾಟದ್ದು: ವಂಶಾವಳಿ ತೆಗೆಸಿ, ಪ್ರತಿಯೊಬ್ಬ ವಾರಸುದಾರರನ್ನೂ ಖರೀದಿ ಪತ್ರದಲ್ಲಿ ಮಾರುವವರಾಗಿ ಸೇರಿಸಿ. ‘ಅವರು ಬಾಯಿಮಾತಲ್ಲಿ ಒಪ್ಪಿದ್ದಾರೆ’ ಅನ್ನುವ ಮನೆಗೆ ಸಂಚಕಾರ ಕೊಡಬೇಡಿ.

ಎರಡನೆಯದು ಕಾಗದಗಳು ಒಂದಕ್ಕೊಂದು ತಾಳೆಯಾಗದಿರುವುದು. ಬೆಳಗಾವಿಯ ಹಳೇ ಭಾಗದಲ್ಲಿ ಸಿಟಿ ಸರ್ವೆ ಆಗಿದೆ, ಆದ್ದರಿಂದ ಸಿಟಿಎಸ್ (ಸಿಟಿ ಸರ್ವೆ) ಉತಾರ, ಅಂದರೆ ಆಸ್ತಿ ದಾಖಲೆಯ ಪ್ರತಿ, ಬೇಕು. ಪಾಲಿಕೆಯ ಇ-ಖಾತೆ (ಆನ್‌ಲೈನ್ ಆಸ್ತಿ ಖಾತೆ) ಬೇಕು. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಉತಾರದಲ್ಲಿ ಒಂದು ಅಳತೆ, ಖಾತೆಯಲ್ಲಿ ಇನ್ನೊಂದು, ಟೇಪು ಹಿಡಿದರೆ ಮೂರನೆಯದು ಆಗಿರಬಹುದು. ಟೇಪನ್ನು ನೀವೇ ಹಿಡಿದು ನೋಡಿ. ಇ.ಸಿ.ಯನ್ನು, ಅಂದರೆ ಋಣಭಾರ ಪತ್ರವನ್ನು, ಕಾವೇರಿಯಲ್ಲೇ ತೆಗೆಯಬಹುದು: ನಮೂನೆ 15 ಬಂದರೆ ಅದರಲ್ಲಿ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇರುತ್ತದೆ, ನಮೂನೆ 16 ಬಂದರೆ ಆ ಅವಧಿಯಲ್ಲಿ ಯಾವ ವ್ಯವಹಾರವೂ ನೋಂದಣಿಯಾಗಿಲ್ಲ ಎಂದರ್ಥ. ನೋಂದಣಿಯಾಗದ ಕರಾರು, ಕೋರ್ಟ್ ದಾವೆ, ಬಾಯಿಮಾತಿನ ವಾಟಣಿ (ಪಾಲು ಹಂಚಿಕೆ) ಯಾವುದೂ ಇ.ಸಿ.ಯಲ್ಲಿ ಕಾಣುವುದಿಲ್ಲ. ವಕೀಲರು 30 ವರ್ಷದ ದಾಖಲೆ ಕೇಳುವುದು ಅದಕ್ಕೇ.

ಊರಂಚಿನಲ್ಲಿ ಇನ್ನೊಂದು ತರಹ. ಎನ್‌ಎ ಆಗದ (ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ) ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಬಾಂಡ್ ಪೇಪರ್ ಮೇಲೆ ಕೈ ಬದಲಾಯಿಸಿದ ಜಾಗದಲ್ಲಿ ಚಂದದ ಮನೆ ಎದ್ದಿರುತ್ತದೆ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ಇದ್ದರೆ ಕ್ರಮಬದ್ಧವಲ್ಲದ ಆಸ್ತಿ ಎಂದು ತಿಳಿಯಿರಿ. ಪಾಲಿಕೆಯಲ್ಲಿ ಬಿ-ಖಾತೆಯೂ ಹೆಚ್ಚುಕಡಿಮೆ ಅದೇ. ಇಂಥವು ಅಗ್ಗ. ಮಾರುವಾಗಲೂ ಅಗ್ಗವೇ, ಯಾಕೆಂದರೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಜನರಲ್ ಪವರ್ ಆಫ್ ಅಟಾರ್ನಿ ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕ್ಯಾಂಪ್ ಭಾಗದ ಹಳೇ ಬಂಗಲೆ ತೋರಿಸಿದರೆ ನೆಲ ಯಾರದು ಎಂದು ಮೊದಲು ಕೇಳಿ. ಕಂಟೋನ್ಮೆಂಟ್‌ಗಳಲ್ಲಿ ನೆಲ ರಕ್ಷಣಾ ಇಲಾಖೆಯದಾಗಿ, ಮೇಲಿನ ಕಟ್ಟಡದ ಹಕ್ಕು ಮಾತ್ರ ಖಾಸಗಿಯವರದ್ದಾಗಿರುವುದು ಸಾಮಾನ್ಯ. ಬಾಗಲಕೋಟೆಯಲ್ಲಾದರೆ ಪ್ರಶ್ನೆ ಬೇರೆ. ನವನಗರ ಆಲಮಟ್ಟಿ ಮುಳುಗಡೆ ಸಂತ್ರಸ್ತರಿಗಾಗಿ ಕಟ್ಟಿದ ಊರು, ಹಂಚಿಕೆ ಪತ್ರದ ಷರತ್ತು ಓದದೆ ಮುಂದುವರಿಯಬಾರದು. ಹಳೇ ಊರಿನ ಕಡೆಯಾದರೆ, ಅಣೆಕಟ್ಟೆಯ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆಯ ಸ್ವಾಧೀನಕ್ಕೆ ಆ ಜಾಗ ಬರುತ್ತದೆಯೇ ಎಂದು ವಿಚಾರಿಸಬೇಕು.

ಬಾಡಿಗೆದಾರರು ಕೂತಿರುವ ಮನೆ ಬೇಡವೇ ಬೇಡ. ಮನೆ ಖಾಲಿಯಾಗಿ ಕೀಲಿ ಕೈಗೆ ಬಂದ ಮೇಲೇ ನೋಂದಣಿ.

ಕಾಗದ ಸರಿಯಿದ್ದೂ ಅಗ್ಗವಾಗಿದ್ದರೆ ಕಾರಣ ಕಟ್ಟಡದಲ್ಲಿದೆ. ಇಲ್ಲಿ ಎಂಜಿನಿಯರ್ ಜತೆ ಎರಡು ಗಂಟೆ ಕಳೆಯಿರಿ. ಸ್ಲ್ಯಾಬಿನ ಕೆಳಭಾಗವನ್ನು ಸಣ್ಣ ಸುತ್ತಿಗೆಯಿಂದ ಅಡಿಗೊಂದು ಸಲ ತಟ್ಟುತ್ತ ಹೋಗಿ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದಲ್ಲಿ ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಗಿಲಾವು (ಪ್ಲಾಸ್ಟರ್) ಉದುರಿಸಿದರೆ ಕೆಂಪಗೆ ಉಬ್ಬಿದ ಕಬ್ಬಿಣ ಕಾಣುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಒದೆಯುತ್ತದೆ; ಮೇಲೆ ಪುಟ್ಟಿ ಬಳಿದರೆ ಒಂದು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಅಡುಗೆಮನೆ, ಬಚ್ಚಲುಮನೆ ಮೇಲೆ ಮಾತ್ರ ಹೀಗಿದ್ದರೆ ಕೆರೆದು, ಕಬ್ಬಿಣ ಉಜ್ಜಿ, ತುಕ್ಕುನಿರೋಧಕ ಹಚ್ಚಿ, ಪಾಲಿಮರ್ ಮಾರ್ಟರ್ ತುಂಬಿಸಬಹುದು. ಕಬ್ಬಿಣದ ದಪ್ಪದಲ್ಲಿ ಕಾಲುಭಾಗ ತಿಂದುಹೋಗಿದ್ದರೆ, ಅಥವಾ ಎಲ್ಲ ಕೋಣೆಯಲ್ಲೂ ಡಬ್ ಎಂದರೆ, ಅದು ರಿಪೇರಿಯ ಮನೆಯಲ್ಲ. ಕೆಡವಿ ಕಟ್ಟುವ ಪ್ಲಾಟು ಎಂದೇ ಬೆಲೆ ಕಟ್ಟಿ.

ಗೋಡೆಯ ಕೆಳಗಿನ ಎರಡು ಮೂರು ಅಡಿ ಬಣ್ಣ ಹೊಪ್ಪಳೆಯೆದ್ದು, ಬಿಳಿ ಉಪ್ಪು ಬಂದಿದ್ದರೆ ನೆಲದ ತೇವ ಏರುತ್ತಿದೆ ಎಂದರ್ಥ. ಹಳೇ ಕಲ್ಲು-ಮಣ್ಣಿನ ಗೋಡೆಗೆ ಗಟ್ಟಿ ಸಿಮೆಂಟ್ ಗಿಲಾವು ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನಷ್ಟು ಮೇಲೇರುತ್ತದೆ. ಅಲ್ಲಿ ಸುಣ್ಣದ ಗಿಲಾವೇ ಸರಿ. ಮಾಳಿಗೆಯ ನೀರಿನ ತೂಬು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗೆ ನೋಡಿ. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಸೋರುತ್ತದೆ ಎಂದೇ ಲೆಕ್ಕ ಹಾಕಿ. ವೈರಿಂಗ್ ಹಳೆಯದಾದರೆ ಪೂರ್ತಿ ಬದಲಿಸಬೇಕು: ದೀಪಕ್ಕೆ 1.5, ದೊಡ್ಡ ಪ್ಲಗ್ಗಿಗೆ 2.5, ಗೀಸರ್-ಎಸಿಗೆ 4 ಚದರ ಮಿಲಿಮೀಟರ್ ತಂತಿ, ಅರ್ಥಿಂಗ್, ಜತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು). ತುಕ್ಕು ಹಿಡಿದ ಜಿಐ ಪೈಪು ತೆಗೆದು ಸಿಪಿವಿಸಿ. ವಿಜಯಪುರದ ಕಡೆ ಕೊಳ್ಳುವುದಾದರೆ ಪಾಯ ನೋಡಿ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಗೋಡೆಯನ್ನು ಅಲುಗಾಡಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮೇಲೆ ಅಗಲ ಕೆಳಗೆ ಸಣ್ಣ ಆಗಿದ್ದರೆ, ಬಣ್ಣದಿಂದ ಮುಚ್ಚುವಂಥದ್ದಲ್ಲ.

ಬೆಳಗಾವಿಯಲ್ಲಿ ಕೆಲಸದ ಕಾಲವೂ ದುಡ್ಡೇ. ಮೇ ಕೊನೆಗೆ ಮನೆ ಕೈಗೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದಿಲ್ಲ, ಆಷಾಢ ಮತ್ತು ಪಿತೃಪಕ್ಷದಲ್ಲಿ ಗಿರಾಕಿ ಬರುವುದಿಲ್ಲ, ಬಡ್ಡಿ ಮಾತ್ರ ತಿಂಗಳಿಗೆ 25 ಸಾವಿರ. ದಸರೆಯ ಹೊತ್ತಿಗೆ ಕೊಂಡು ಯುಗಾದಿ, ಅಕ್ಷಯ ತೃತೀಯಕ್ಕೆ ಮಾರಾಟಕ್ಕಿಡುವಂತೆ ಗುರಿ ಇಟ್ಟುಕೊಳ್ಳುವುದು ಜಾಣತನ.

ಮಾರುವಾಗ ನಿಮ್ಮ ನಿಜವಾದ ಗಿರಾಕಿ ಗಿರಾಕಿಯಲ್ಲ, ಅವರ ಬ್ಯಾಂಕು. ಪರವಾನಗಿ ಇಲ್ಲದೆ ಒಂದು ಕೋಣೆ ಏರಿಸಿದರೆ, ನಕ್ಷೆಗೂ ಮನೆಗೂ ತಾಳೆಯಾಗದೆ ಅವರ ಸಾಲ ಅಲ್ಲೇ ನಿಲ್ಲುತ್ತದೆ. ನಿಮ್ಮ ಹೆಸರು ಖಾತೆಗೂ ಉತಾರಕ್ಕೂ ಏರದೆ ಮಾರಲಾಗುವುದಿಲ್ಲ, ಆದ್ದರಿಂದ ರಿಪೇರಿ ಶುರುವಾದ ದಿನವೇ ಆ ಅರ್ಜಿಯೂ ಹೋಗಿರಬೇಕು. ಇನ್ನು ಯಾವ ರಿಪೇರಿಯಿಂದಲೂ ಸರಿಯಾಗದ ಸಂಗತಿಗಳಿವೆ: ವಾಸ್ತು ಹಿಡಿಯುವವರಿಗೆ ಒಲ್ಲದ ದಿಕ್ಕಿನ ಬಾಗಿಲು, ಕಾರು ತಿರುಗದ ಗಲ್ಲಿ, ವಡಗಾವಿಯಲ್ಲಾದರೆ ಹಿಂದಿನ ಗೋಡೆಗೇ ಅಂಟಿಕೊಂಡು ಹೊತ್ತಿಲ್ಲದೆ ಓಡುವ ಪವರ್‌ಲೂಮ್. ಸೆಮಿನಾರಿನ ಮುಂಬೈ ಉದಾಹರಣೆಗಳಲ್ಲಿ ಮಗ್ಗದ ಸದ್ದು ಕೇಳಿಸುವುದಿಲ್ಲ.

ಈಗ ಕೋರ್ಸಿಗೆ ಬರೋಣ. ಮೇಲೆ ಹೇಳಿದ ಕೆಲಸದಲ್ಲಿ ಯಾವುದನ್ನು ಇವರು ನಿಮ್ಮ ಜತೆ ನಿಂತು ಮಾಡುತ್ತಾರೆ? ಇದೇ ಕೇಳಬೇಕಾದ ಪ್ರಶ್ನೆ. 40 ವಿಡಿಯೊ, ವಾಟ್ಸಾಪ್ ಗುಂಪು, ಎಕ್ಸೆಲ್ ಹಾಳೆ, ವಾರಕ್ಕೊಂದು ಝೂಮ್ ಕರೆ ಎಂಬ ಉತ್ತರ ಬಂದರೆ ಒಂದೂವರೆ ಲಕ್ಷ ಬಾಳುವುದಿಲ್ಲ.

ಪರೀಕ್ಷೆ ಮಾಡಲು ಒಂದು ನೇರ ದಾರಿ ಇದೆ, ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಕಳೆದ ಎರಡು ವರ್ಷದಲ್ಲಿ ಬೆಳಗಾವಿ ಅಥವಾ ಧಾರವಾಡ ಜಿಲ್ಲೆಯಲ್ಲಿ ಮೆಂಟರ್ ತಾವೇ ಕೊಂಡು ಮಾರಿದ ಮೂರು ಮನೆಗಳ ಆಸ್ತಿ ವಿವರ ಕೇಳಿ. ಆ ಮೂರಕ್ಕೂ ಕಾವೇರಿಯಲ್ಲಿ ಇ.ಸಿ. ತೆಗೆಸಿ. ನಮೂನೆ 15ರಲ್ಲಿ ಎರಡು ಸಾಲು ಕಾಣಬೇಕು: ಮೊದಲನೆಯದರಲ್ಲಿ ಮೆಂಟರ್ ಹೆಸರು ಕೊಂಡವರ ಕಡೆ, ಎರಡನೆಯದರಲ್ಲಿ ಅದೇ ಹೆಸರು ಮಾರಿದವರ ಕಡೆ. ಎರಡರ ನಡುವಿನ ದಿನಾಂಕದ ಅಂತರವೇ ಅವರ ನಿಜವಾದ ‘ಹೋಲ್ಡಿಂಗ್’ ಅವಧಿ. ಪತ್ರದ ಮೊತ್ತ ಪೂರ್ತಿ ಸತ್ಯವಲ್ಲದಿರಬಹುದು, ದಿನಾಂಕ ಸುಳ್ಳು ಹೇಳುವುದಿಲ್ಲ. ಹೆಸರೇ ಇಲ್ಲದಿದ್ದರೆ, ಅಥವಾ ‘ಕ್ಲೈಂಟ್ ಗೋಪ್ಯತೆ’ ಎಂದು ಜಾರಿಕೊಂಡರೆ, ಅವರ ಸಂಪಾದನೆ ಮನೆಯಿಂದಲ್ಲ, ಕೋರ್ಸಿನಿಂದ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಂದಣಿ ದಿನಾಂಕ ನೋಡಿ. ‘ರೇರಾ ಮಾನ್ಯತೆ ಪಡೆದ ಕೋರ್ಸ್’ ಎಂದರೆ ನಕ್ಕು ಸುಮ್ಮನಾಗಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ನೋಂದಾಯಿಸುವುದು ಪ್ರಾಜೆಕ್ಟ್‌ಗಳನ್ನು ಮತ್ತು ಏಜೆಂಟರನ್ನು, ಫ್ಲಿಪ್ಪಿಂಗ್ ಪಾಠವನ್ನಲ್ಲ.

ಉಚಿತ ಸೆಮಿನಾರ್‌ನಿಂದ ಶುರುವಾಗುವ ಈ ಏಣಿ ಹೊಸದಲ್ಲ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಝುರಿಕ್ಸ್ ಎಂಬ ಕಂಪನಿಯ ಮೇಲೆ ಹಾಕಿದ ದಾವೆಯಲ್ಲಿ ಅದರ ಮೆಟ್ಟಿಲುಗಳೆಲ್ಲ ಕಾಣುತ್ತವೆ: ಮೊದಲು ಉಚಿತ ಸಭೆ, ಅಲ್ಲಿಂದ 1,997 ಡಾಲರ್‌ನ ಮೂರು ದಿನದ ಕಾರ್ಯಾಗಾರ, ಅಲ್ಲಿಂದ 41,297 ಡಾಲರ್‌ವರೆಗಿನ ‘ಮುಂದಿನ ಹಂತ’. ಕಾರ್ಯಾಗಾರದಲ್ಲಿ ಜನರಿಗೆ ಕ್ರೆಡಿಟ್ ಕಾರ್ಡ್ ಮಿತಿ ಏರಿಸಿಕೊಳ್ಳಲು ಹೇಳುತ್ತಿದ್ದರು, ಆ ಸಾಲ ಕೊನೆಗೆ ಫೀಗೇ ಹೋಗುತ್ತಿತ್ತು ಎಂಬುದು ಆರೋಪ. ಆದ್ದರಿಂದ ನೀವು ಬಾಯಿಬಿಟ್ಟೇ ಕೇಳಿ: 1.25 ಲಕ್ಷದ ಮೇಲೆ ಇನ್ನೇನು ಮಾರುತ್ತೀರಿ? ಭಾನುವಾರದ ಗಡುವಿನ ಬಗ್ಗೆ: ಇಲ್ಲದ ತುರ್ತು ಹುಟ್ಟಿಸಿ ಮಾರುವುದನ್ನು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್‌ನ ಮಾರ್ಗಸೂಚಿ ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ ಒಂದೆಂದು ಹೆಸರಿಸಿದೆ. ಮುಂದಿನ ಸೋಮವಾರ ಫೋನ್ ಮಾಡಿ, ಅದೇ ರಿಯಾಯಿತಿ ಸಿಗುವ ಸಾಧ್ಯತೆಯೇ ಹೆಚ್ಚು.

ಇಎಂಐ ಎಂದರೆ ಸಾಲ ಬೇರೆ, ಕೋರ್ಸ್ ಬೇರೆ. ಫೈನಾನ್ಸ್ ಕಂಪನಿ ಸಂಸ್ಥೆಗೆ ಒಂದೇ ಸಲ ಹಣ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಪಾಠ ನಿಂತರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಕೆಡುತ್ತದೆ, ನಾಳೆ 25 ಲಕ್ಷದ ಸಾಲ ಕೇಳುವವರಿಗೆ ಅದೇ ಅಡ್ಡಗಾಲು. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಕನಿಷ್ಠ ಒಂದು ದಿನದ ಮರುಚಿಂತನೆಯ ಅವಧಿ ಇದೆ. ಆಗ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ಹೊರಬರಬಹುದು.

‘ಸ್ವಂತ ಹಣವಿಲ್ಲದೆ ಫ್ಲಿಪ್’ ಎಂಬ ಪಾಠವೂ ಇರುತ್ತದೆ. ಸಂಚಕಾರ ಕೊಟ್ಟು, ಮೂರು ತಿಂಗಳ ವಾಯಿದೆ ಬರೆಸಿಕೊಂಡು, ಅಷ್ಟರಲ್ಲಿ ಮೂರನೆಯವರಿಗೆ ದಾಟಿಸುವುದು. ಇದನ್ನು ನಮ್ಮ ದಲಾಲರು ಯಾವ ಸರ್ಟಿಫಿಕೇಟೂ ಇಲ್ಲದೆ ಮಾಡುತ್ತ ಬಂದಿದ್ದಾರೆ. ಕರಾರಿನಲ್ಲಿ ‘ನಿಮ್ಮ ಹೆಸರಿಗೆ ಅಥವಾ ನೀವು ಸೂಚಿಸಿದವರ ಹೆಸರಿಗೆ’ ಎಂಬ ಮಾತಿಲ್ಲದಿದ್ದರೆ ದಾಟಿಸುವುದು ಕಷ್ಟ. ವಾಯಿದೆ ಮುಗಿದರೆ ಸಂಚಕಾರ ಹೋಯಿತು. ಕರಾರಿನ ಮೇಲೇ ಕಬ್ಜಾ (ಸ್ವಾಧೀನ) ತೆಗೆದುಕೊಂಡು ರಿಪೇರಿಗೆ ಕೈ ಹಚ್ಚಿದರೆ ಆ ಕರಾರಿಗೇ ಖರೀದಿ ಪತ್ರದಷ್ಟು ಮುದ್ರಾಂಕ ಬೀಳುತ್ತದೆ. ‘ನೀವು ಹಣ ಹಾಕಿ, ಮನೆ ನಾವು ಹುಡುಕ್ತೀವಿ, ವರ್ಷಕ್ಕೆ ಇಂತಿಷ್ಟು ಖಾತರಿ’ ಎಂದರಂತೂ ಎದ್ದು ಬನ್ನಿ. ಅನುಮತಿಯಿಲ್ಲದೆ ಹಾಗೆ ಠೇವಣಿ ಎತ್ತುವುದನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಮತ್ತು ನಿಮ್ಮ 30 ಲಕ್ಷದ ಸುದ್ದಿ ಸೆಮಿನಾರಿನ ಅರ್ಜಿಯಲ್ಲಿ ನೀವೇ ಬರೆದುಕೊಟ್ಟಿರಬಹುದು.

ಹಾಗಾದರೆ ಯಾರಿಗೂ ಫೀ ಕೊಡಬಾರದೆ? ಕೊಡಬಹುದು. ಇ.ಸಿ. ಪರೀಕ್ಷೆಯಲ್ಲಿ ಪಾಸಾದ, ಇದೇ ಊರಿನಲ್ಲಿ ಕೆಲಸ ಮಾಡುವ ವ್ಯಕ್ತಿ ಸಿಕ್ಕರೆ ಕೊಡಿ, ಆದರೆ ಫೀ ಕೆಲಸಕ್ಕೆ ಕಟ್ಟಿರಲಿ: ಶುರುವಿಗೆ 15ರಿಂದ 20 ಸಾವಿರ, ನೀವು ತಂದ ಮೊದಲ ಮನೆಯ ಕಾಗದ, ಕಟ್ಟಡ, ಬೆಲೆ ಮೂರನ್ನೂ ಸ್ಥಳಕ್ಕೆ ಬಂದು ನೋಡಿದ ಮೇಲೆ ಇನ್ನೊಂದು ಭಾಗ, ಮನೆ ಮಾರಿ ಹಣ ಬಂದ ಮೇಲೆ ಉಳಿದದ್ದು. ಈ ಷರತ್ತಿಗೆ ಒಪ್ಪುವವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆ ಇದೆ. ಹಣ ಸಂಸ್ಥೆಯ ಖಾತೆಗೇ ಹೋಗಲಿ, ಯಾರದೋ ಯುಪಿಐಗೆ ಬೇಡ. ಜಿಎಸ್‌ಟಿ ಬಿಲ್ಲು ಇರಲಿ. ವಾಪಸಾತಿಯ ಷರತ್ತು ದಿನಾಂಕ ಸಮೇತ ಬರವಣಿಗೆಯಲ್ಲಿರಲಿ. ‘ಎಲ್ಲ ಟಾಸ್ಕ್ ಮುಗಿಸಿ 30 ಆಫರ್ ಹಾಕಿದ್ದರೆ ಮಾತ್ರ ವಾಪಸ್’ ಎಂಬ ತರಹದ ಸಾಲು ಕಂಡರೆ ವಾಪಸಾತಿ ಇಲ್ಲವೆಂದೇ ಓದಿಕೊಳ್ಳಿ.

ಅಲ್ಲಿಯವರೆಗೆ ಎರಡು ತಿಂಗಳು ಹೀಗೆ ಮಾಡಿ. ಎರಡೇ ಭಾಗ ಆರಿಸಿಕೊಳ್ಳಿ, ಉದಾಹರಣೆಗೆ ಅನಗೋಳ ಮತ್ತು ಟಿಳಕವಾಡಿ. ಉದ್ಯಮಬಾಗದಿಂದ ಎರಡೂ ಹತ್ತಿರ, ಶಿಫ್ಟ್ ಮುಗಿಸಿ ಹೋಗಬಹುದು. ವಾರಕ್ಕೆ ಮೂರರಂತೆ ಮನೆ ನೋಡಿ. ಪ್ರತಿ ಮನೆಗೂ ಒಂದು ಹಾಳೆ: ಕೇಳಿದ ಬೆಲೆ, ಮಾರ್ಗಸೂಚಿ ದರ, ಖಾತೆಯ ತರಹ, ಉತಾರದಲ್ಲಿರುವ ಹೆಸರುಗಳು, ಅಗ್ಗವಾಗಿದ್ದರೆ ಅದರ ಕಾರಣ, ಎಷ್ಟು ವಾರದಿಂದ ಮಾರಾಟಕ್ಕಿದೆ. ಮೊದಲ ವಾರಗಳಲ್ಲಿ ನೋಡಿದ್ದು ಮಾರಿಹೋಗಿದ್ದರೆ ಮೂವರು ಬೇರೆಬೇರೆ ದಲಾಲರ ಹತ್ತಿರ ಎಷ್ಟಕ್ಕೆ ಹೋಯಿತೆಂದು ಕೇಳಿ. ಮೂವರೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳುವ ಹೊತ್ತಿಗೆ ನಿಮಗೆ ಆ ಭಾಗದ ಬೆಲೆ ತಿಳಿದಿರುತ್ತದೆ. ಒಳ್ಳೆಯದೆನಿಸಿದ ಎರಡು ಮನೆಗಳ ಕಾಗದವನ್ನು ಸಿವಿಲ್ ವಕೀಲರಿಗೆ ಕೊಟ್ಟು ಲಿಖಿತ ಅಭಿಪ್ರಾಯ ಪಡೆಯಿರಿ, ಎಂಜಿನಿಯರ್‌ರನ್ನು ಕರೆದುಕೊಂಡು ಹೋಗಿ ರಿಪೇರಿಯ ಅಂದಾಜು ಪಟ್ಟಿ ಬರೆಸಿ, ಅದೇ ಪಟ್ಟಿಗೆ ಇಬ್ಬರು ಗೌಂಡಿಗಳ ದರ ಕೇಳಿ. ಮೇಲಿನ ಲೆಕ್ಕದಲ್ಲಿ ಬೆಲೆ ಶೇ 5 ಇಳಿಸಿ, ಮೂರು ತಿಂಗಳು ತಡಮಾಡಿ, ರಿಪೇರಿಯನ್ನು ಶೇ 15 ಏರಿಸಿ ನೋಡಿ. ಮೂರೂ ಒಟ್ಟಿಗೆ ಆದಾಗಲೂ ಲಾಭ ಉಳಿಯುವ ಮನೆಗೆ ಮಾತ್ರ ಸಂಚಕಾರ. ಅಂಥದ್ದು ಎರಡು ತಿಂಗಳಲ್ಲಿ ಒಂದೂ ಸಿಗದಿದ್ದರೆ 30 ಲಕ್ಷ ಬ್ಯಾಂಕಿನಲ್ಲೇ ಇರಲಿ, ಬಡ್ಡಿಯಾದರೂ ಬರುತ್ತದೆ.

ಒಂದು ವೇಳೆ ಈಗಾಗಲೇ ಟೋಕನ್ ಕೊಟ್ಟಿದ್ದರೆ, ಇಂದೇ ಇಮೇಲ್‌ನಲ್ಲಿ ರದ್ದತಿ ಮತ್ತು ವಾಪಸಾತಿ ಕೇಳಿ. ಫೋನ್ ಮಾತು ದಾಖಲೆಯಾಗುವುದಿಲ್ಲ. ಸೆಮಿನಾರಿನ ಜಾಹೀರಾತು, ‘10 ಲಕ್ಷ’ದ ಮೆಸೇಜು, ಪಾವತಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸಂಸ್ಥೆ ಬೆಂಗಳೂರಿನದೋ ಪುಣೆಯದೋ ಆಗಿದ್ದರೂ ನೀವು ವಾಸವಿರುವ ಬೆಳಗಾವಿಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಪಾವತಿಯ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು.